ಕಾಲ್ ಕಟ್ ಆಯ್ತಾ, ಕಟ್ ಮಾಡಿದ್ರಾ?

"ಕಾರ್ ಡ್ರೈವ್ ಮಾಡೋಕೆ ಬರುತ್ತಾ?", "ಸ್ವಲ್ಪ ವೈಟ್ ಮಾಡಿ", "ಬಟ್ಟೆ ವಾಶ್ ಮಾಡ್ಬೇಕು", "ಫೋನ್‌ಪೇ ಮಾಡ್ತೀನಿ ಬಿಡಿ"... ಬೆಂಗಳೂರಲ್ಲಿ ಅರ್ಧ ಗಂಟೆ ಓಡಾಡಿದ್ರೆ ಇಂಥ ಎಷ್ಟೋ ಮಾತು ಕಿವಿಗೆ ಬೀಳುತ್ತೆ. ಮೊದಲು ಒಂದು ಇಂಗ್ಲಿಷ್ ಪದ, ಅದರ ಬೆನ್ನಿಗೇ ಒಂದು 'ಮಾಡು'. ಇದನ್ನ ಕೇಳಿ ಕನ್ನಡ ಸತ್ತೇ ಹೋಯ್ತು ಅಂತ ಗೋಳಾಡೋರು ಒಂದು ಕಡೆ, "ಭಾಷೆ ಹರಿಯೋ ನೀರು, ಸುಮ್ನಿರ್ರೀ" ಅನ್ನೋರು ಇನ್ನೊಂದು ಕಡೆ. ನನಗೇನೋ ಇಬ್ಬರ ಮಾತೂ ಅರ್ಧರ್ಧ ಸರಿ ಅನ್ಸುತ್ತೆ.

ಮೊದಲು ಗೋಳಾಡೋರಿಗೆ ಸ್ವಲ್ಪ ಸಮಾಧಾನ ಹೇಳೋಣ.

ಡ್ರೈವ್, ಡಿಲೀಟ್, ಓಪನ್ ಇವೆಲ್ಲ ಇಂಗ್ಲಿಷಲ್ಲಿ ಕ್ರಿಯಾಪದಗಳು. ಆದ್ರೆ ಕನ್ನಡದ ಹೊಸ್ತಿಲು ದಾಟಿದ ಕೂಡ್ಲೇ ಅವು ನಾಮಪದದ ಥರ ತೆಪ್ಪಗೆ ಕೂತ್ಕೊಳ್ತವೆ. 'ಡ್ರೈವಿದನು', 'ಡಿಲೀಟುತ್ತಾಳೆ' ಅಂತ ಯಾರಾದ್ರೂ ಅಂತಾರಾ? ಇಲ್ಲ. ಕಾಲ, ಲಿಂಗ, ವಚನ, ಬೇಕು, ಬೇಡ ಎಲ್ಲ ಹೊರೋದು ಪಾಪ ನಮ್ಮ 'ಮಾಡು'ವೇ. ಡಿಲೀಟ್ ಮಾಡಿದ, ಮಾಡಲ್ಲ, ಮಾಡಿಸಿದ್ಲು, ಮಾಡ್ಕೊಂಡ್ಬಿಟ್ಟೆ. ಈ ಕೊನೇದರಲ್ಲಿ "ಅಯ್ಯೋ, ನನ್ನದನ್ನೇ ನಾನು ಕಳ್ಕೊಂಡ್ನಲ್ಲಾ" ಅನ್ನೋ ಸಂಕಟವೂ ಇದೆ ನೋಡಿ. ಅದನ್ನ ಹೇಳ್ತಿರೋದು ಡಿಲೀಟ್ ಅಲ್ಲ, 'ಕೊಂಡ್‌ಬಿಟ್ಟೆ'.

ಇನ್ನು 'ಮಾಡು'ಗೆ ಒಬ್ಬ ತಮ್ಮ ಇದಾನೆ, 'ಆಗು'. "ಕಾಲ್ ಕಟ್ ಆಯ್ತು" ಅಂದ್ರೆ ನೆಟ್‌ವರ್ಕ್ ಸರಿ ಇಲ್ಲ, ಮತ್ತೆ ಫೋನ್ ಮಾಡಿ ಮಾತು ಮುಂದುವರಿಸಬಹುದು. "ಕಾಲ್ ಕಟ್ ಮಾಡಿದ್ರು" ಅಂದ್ರೆ ಕೆಲವೊಮ್ಮೆ ಸ್ನೇಹವೇ ಕಟ್ :) ಇಂಗ್ಲಿಷ್ ಪದ ಎರಡರಲ್ಲೂ ಒಂದೇ. ಯಾರ ಕೈವಾಡ ಇದೆ, ಯಾರದ್ದು ಇಲ್ಲ ಅಂತ ತೀರ್ಪು ಕೊಡೋದು ಕನ್ನಡ.

'ಬ್ರೇಕ್' ಪದ ತಗೊಳ್ಳಿ. ಬ್ರೇಕ್ ಹಾಕಿದ್ರೆ ಗಾಡಿ ನಿಲ್ಲುತ್ತೆ. ಬ್ರೇಕ್ ಹೊಡೆದ್ರೆ ಹಿಂದೆ ಕೂತವರು ಮುಗ್ಗರಿಸ್ತಾರೆ. ಬ್ರೇಕ್ ತಗೊಂಡ್ರೆ ಕಾಫಿ ಬರುತ್ತೆ. ಬ್ರೇಕ್ ಮಾಡಿದ್ರೆ ದಾಖಲೆ ಮುರಿಯುತ್ತೆ. ಹಾಗೇ 'ಕಾಪಿ ಮಾಡು' ಅಂದ್ರೆ ಆಫೀಸಿನ ಕೆಲಸ, 'ಕಾಪಿ ಹೊಡಿ' ಅಂದ್ರೆ ಪರೀಕ್ಷೆ ಹಾಲಿನ ಕೆಲಸ! 'ಹೊಡಿ' ಅನ್ನೋ ಧಾತು ಸ್ವಲ್ಪ ಪೋಲಿ ಅನ್ನೋದು ಕಾಪಿಗೂ, ಬಂಕ್‌ಗೂ, ಲೈನ್‌ಗೂ ಚೆನ್ನಾಗಿ ಗೊತ್ತಿದೆ.

ಇಷ್ಟೇ ಅಲ್ಲ, ಹೇಳೋರು ಯಾವ ಊರಿನವರು ಅನ್ನೋದನ್ನೂ ಈ ಬಾಲವೇ ಹೇಳಿಬಿಡುತ್ತೆ. ಬೆಂಗಳೂರಿನವರು 'ಡೌನ್‌ಲೋಡ್ ಮಾಡೋಕೆ' ಅಂತಾರೆ, ಮೈಸೂರಿನವರು 'ಮಾಡಕ್ಕೆ', ಮಂಗಳೂರಿನವರು 'ಮಾಡ್ಲಿಕ್ಕೆ', ಧಾರವಾಡದ ಕಡೆಯವರು 'ಮಾಡಾಕ'. ನಮ್ಮಲ್ಲಿ ಫೋನ್ ಮಾಡಿದ್ರೆ ಅವರಲ್ಲಿ ಫೋನ್ ಹಚ್ಚತಾರ. ಡೌನ್‌ಲೋಡಿಗೆ ಊರಿಲ್ಲ, 'ಮಾಡು'ಗೆ ಇದೆ.

ಇದು ನಮ್ಮೊಬ್ಬರ ಕಥೆಯೂ ಅಲ್ಲ. ಹಿಂದಿಯವರು 'ಡ್ರೈವ್ ಕರ್‌ನಾ' ಅಂತಾರೆ, ತಮಿಳರು 'ಡ್ರೈವ್ ಪಣ್ಣು', ತೆಲುಗರು 'ಡ್ರೈವ್ ಚೆಯ್ಯಿ'. ಜಪಾನಿನವರೂ 'ಡೊರೈಬು ಸುರು' ಅಂತಾರೆ. 'ಸುರು' ಅಂದ್ರೆ ಅವರ 'ಮಾಡು'. ಚೀನಾದಿಂದ ಬಂದ ಪದಗಳಿಗೂ ಅವರು ಮಾಡಿದ್ದು ಇದನ್ನೇ.

ನಾವೂ ಅಷ್ಟೇ, ಸಂಸ್ಕೃತದ ಜೊತೆ ಇದೇ ಆಟ ಆಡಿದೀವಿ. ಸ್ನಾನ ಮಾಡು, ಪೂಜೆ ಮಾಡು, ಪ್ರಯಾಣ ಮಾಡು. ಆದ್ರೆ ಅಲ್ಲಿ ನಮ್ಮ ಹತ್ರ ಇನ್ನೊಂದು ಅಸ್ತ್ರವೂ ಇತ್ತು, 'ಇಸು'. ಪ್ರೀತಿಸು, ಚಿಂತಿಸು, ಆರಂಭಿಸು... ಶಾಲೆಯಲ್ಲಿ 'ಸಾಧಿತ ಧಾತು' ಅಂತ ಉರು ಹೊಡೆದಿದ್ದು ಇದನ್ನೇ. ಒಂಬತ್ತನೇ ಶತಮಾನದ ಕವಿರಾಜಮಾರ್ಗದಲ್ಲಿ, ಕಾವೇರಿಯಿಂದ ಗೋದಾವರಿವರೆಗೆ ಅಂತ ಕನ್ನಡ ನಾಡಿನ ಎಲ್ಲೆ ಹೇಳೋ ಆ ಪ್ರಸಿದ್ಧ ಪದ್ಯದಲ್ಲೇ 'ಭಾವಿಸು' ಇದೆ. ಆಮೇಲೆ ಹಿಂದಿ, ಉರ್ದು ಕಡೆಯಿಂದ ಬಂದವಕ್ಕೂ 'ಇಸು' ಅಂಟಿಸಿ ಖರೀದಿಸು, ಬದಲಾಯಿಸು, ನಿಭಾಯಿಸು ಅಂದ್ವಿ. ಇಂಗ್ಲಿಷ್ ಪದಗಳಿಗೆ ಮಾತ್ರ ಯಾಕೋ ಕೈ ಹಿಡಿತ ಮಾಡಿದೀವಿ. 'ಕ್ಲಿಕ್ಕಿಸು' ಒಂದು ಗೆದ್ದಿದೆ. 'ಬ್ಲಾಗಿಸು', 'ಗೂಗಲಿಸು' ಅಂತ ನಮ್ಮ ಬ್ಲಾಗಿಗರು ತಮಾಷೆಗೆ ಬರೆದ್ರೂ ಮನೆಮಾತಾಗ್ಲಿಲ್ಲ. ಜಪಾನಿನಲ್ಲಿ ನೋಡಿ, 'ಗುಗುರು' ಅಂದ್ರೆ ಗೂಗಲಿಸು, ಅದು ಅಲ್ಲಿ ಸಲೀಸಾಗಿ ಓಡಾಡ್ಕೊಂಡಿದೆ.

ಸರಿ, ಇಲ್ಲಿವರೆಗೆ ಎಲ್ಲ ಸುಖ. ಈಗ "ಹರಿಯೋ ನೀರು" ಅನ್ನೋರ ಸರದಿ.

ಡೌನ್‌ಲೋಡ್ ಮಾಡು ಅಂದಾಗ ನಮಗೆ ಒಂದು ಹೊಸ ಕೆಲಸಕ್ಕೆ ಹೊಸ ಹೆಸರು ಸಿಕ್ತು, ಕನ್ನಡದ್ದೇನೂ ಹೋಗ್ಲಿಲ್ಲ. 'ವಾಶ್ ಮಾಡು' ಅಂದಾಗ? ಬಟ್ಟೆ ಒಗೀತೀವಿ, ಪಾತ್ರೆ ಬೆಳಗ್ತೀವಿ, ಕೈ ತೊಳೀತೀವಿ, ಒಗೆದ ಬಟ್ಟೆ ಜಾಲಿಸ್ತೀವಿ. ನಾಲ್ಕು ಕೆಲಸ, ನಾಲ್ಕು ಧಾತು. ವಾಶ್ ಬಂದು ನಾಲ್ಕನ್ನೂ ನುಂಗಿತು. 'ಕಟ್ ಮಾಡು' ಇನ್ನೂ ಹೊಟ್ಟೆಬಾಕ. ತರಕಾರಿ ಹೆಚ್ಚೋದು, ಪೈರು ಕೊಯ್ಯೋದು, ಮರ ಕಡಿಯೋದು, ಸೌದೆ ಸೀಳೋದು, ಕೂದಲು ಕತ್ತರಿಸೋದು ಎಲ್ಲ ಅದರ ಬಾಯಿಗೇ. ಕಡಲೆಕಾಯಿ ಹುರೀತಾರೆ, ಹಪ್ಪಳ ಕರೀತಾರೆ, ಈರುಳ್ಳಿ ಬಾಡಿಸ್ತಾರೆ. ಯೂಟ್ಯೂಬಿನ ಅಡುಗೆಯವರು ಮೂರಕ್ಕೂ "ಚೆನ್ನಾಗಿ ಫ್ರೈ ಮಾಡ್ಕೊಳ್ಳಿ" ಅಂದುಬಿಡ್ತಾರೆ. ಎಣ್ಣೆ ಬೇಕಾ ಬೇಡ್ವಾ, ಬೇಕಾದ್ರೆ ಎಷ್ಟು ಅಂತ ತಿಳ್ಕೊಳ್ಳೋಕೆ ನಾವು ಬಾಣಲೆಯೊಳಗೆ ಇಣುಕಬೇಕು! ಮೊದಲು ಆ ಸುದ್ದಿಯೆಲ್ಲ ಕ್ರಿಯಾಪದದಲ್ಲೇ ಇರ್ತಿತ್ತು.

ನನಗೆ ನಿಜವಾಗಿ ಚಿಂತೆ ಆಗೋದು ಇಲ್ಲಿ. ನಾಮಪದಗಳು ಬರ್ತವೆ, ಹೋಗ್ತವೆ. ಪೇಜರ್ ಬಂತು, ಹೋಯ್ತು, ಯಾರೂ ಅಳಲಿಲ್ಲ. ಧಾತು ಹಾಗಲ್ಲ. ಒಗೆ, ಹುರಿ, ಸೀಳು, ನಡೆ, ಕಾಯು ಇವು ತಲೆಮಾರುಗಳಿಂದ ಬಂದ ಆಸ್ತಿ. ಹೊಸ ಧಾತು ಹುಟ್ಟೋದೇ ಅಪರೂಪ, ಹೊಸದೆಲ್ಲ ಬರೋದು 'ಮಾಡು', 'ಇಸು' ಬಾಗಿಲಲ್ಲೇ. ಅಂದ್ರೆ ಒಂದು ಧಾತು ಬಳಕೆ ತಪ್ಪಿದ್ರೆ ಆ ಜಾಗಕ್ಕೆ ಇನ್ನೊಂದು ಬರಲ್ಲ. ಹೋಗುವಾಗ ಅದು ಒಂಟಿಯಾಗೂ ಹೋಗಲ್ಲ, ಸಂಸಾರ ಸಮೇತ ಹೋಗುತ್ತೆ. 'ನಡೆ' ಇದ್ರೆ ನಡಿಗೆ ಇದೆ, ನಡತೆ ಇದೆ, ನಡೆಸು ಇದೆ. 'ವಾಕ್ ಮಾಡು'ವಿನಿಂದ ಏನು ಹುಟ್ಟೀತು ಹೇಳಿ? ಬರೀ ಬಂಜೆ ನೆಲ.

ಹಾಗಂತ ಎಲ್ಲದಕ್ಕೂ ಸಂಸ್ಕೃತದ ಗದೆ ಎತ್ತಿ ಅಂತ ನಾನು ಹೇಳ್ತಿಲ್ಲ. ಫೋನಿನ ಭಾಷೆ ಕನ್ನಡಕ್ಕೆ ಬದಲಾಯಿಸಿ ನೋಡಿ. 'ಅಳಿಸಿ', 'ಹುಡುಕಿ', 'ಹಂಚಿಕೊಳ್ಳಿ' ಅಂದಾಗ ಬೆರಳು ತಾನಾಗೇ ಹೋಗುತ್ತೆ. 'ನಿಷ್ಕ್ರಿಯಗೊಳಿಸಿ' ಅಂದಾಗ ಬೆರಳೂ ನಿಷ್ಕ್ರಿಯ :) ಮೊದಲ ಮೂರು ನಮ್ಮ ಮನೆಯ ಧಾತುಗಳು, ಹೊಸ ಯಂತ್ರದ ಮೇಲೂ ಆರಾಮಾಗಿ ಕೂತಿವೆ. ನಾಲ್ಕನೆಯದಕ್ಕಿಂತ 'ಆಫ್ ಮಾಡಿ'ಯೇ ಒಳ್ಳೇ ಕನ್ನಡ ಅಂತ ನಾನು ಎದೆ ತಟ್ಟಿ ಹೇಳ್ತೀನಿ.

ಹಾಗಾಗಿ ನನ್ನ ಲೆಕ್ಕ ಸುಲಭ. ಬಾಯಿಗೆ ಇಂಗ್ಲಿಷ್ ಪದದ ಜೊತೆ 'ಮಾಡು' ಬಂದಾಗ ಒಂದೇ ಪ್ರಶ್ನೆ: ಇದಕ್ಕೆ ನಮ್ಮಲ್ಲಿ ಒಂದೇ ಪದದ ಧಾತು ಇದೆಯಾ? ಇಲ್ಲದಿದ್ರೆ ಧಾರಾಳವಾಗಿ ಸ್ಕ್ಯಾನ್ ಮಾಡಿ, ಅಪ್‌ಲೋಡ್ ಮಾಡಿ, ಯಾವ ಪಾಪಪ್ರಜ್ಞೆಯೂ ಬೇಡ. ಇದ್ರೆ ಅದನ್ನೇ ಬಳಸಿ. 'ವೈಟ್ ಮಾಡಿ'ಗಿಂತ 'ಕಾಯಿರಿ', 'ಇರಿ' ಚಿಕ್ಕದು. ಶುದ್ಧ ಕನ್ನಡದ ಹಟಕ್ಕಲ್ಲ, ಬಾಯಿಗೆ ಕೆಲಸ ಕಮ್ಮಿ ಅಂತಾದ್ರೂ ಬಳಸಬಹುದಲ್ವಾ?

ಮಕ್ಕಳಿರೋ ಮನೆಯಲ್ಲಂತೂ ಇದು ಇನ್ನೂ ಮುಖ್ಯ. ಅವರು ಧಾತು ಕಲಿಯೋದು ಪಠ್ಯಪುಸ್ತಕದಿಂದ ಅಲ್ಲ, ಅಡುಗೆಮನೆಯಿಂದ, ಬಚ್ಚಲಿಂದ, ಹಿತ್ತಲಿಂದ. ಅಲ್ಲಿ ಅವರ ಕಿವಿಗೆ ಬರೀ 'ಕಟ್ ಮಾಡು, ವಾಶ್ ಮಾಡು, ಮಿಕ್ಸ್ ಮಾಡು' ಬಿದ್ರೆ ಅವರಿಗೆ ಸಿಗೋ ಕನ್ನಡ ಕ್ರಿಯಾಪದ ಒಂದೇ ಒಂದು. 'ಮಾಡು' ಒಳ್ಳೇ ದುಡಿಮೆಗಾರ, ಒಪ್ಪೋಣ. ಆದ್ರೆ ಇಡೀ ಭಾಷೆಯನ್ನ ಅವನೊಬ್ಬನ ತಲೆ ಮೇಲೆ ಹೊರಿಸೋದು ನ್ಯಾಯವಾ?

ನಿಮ್ಮ ಮನೆಯಲ್ಲಿ, ನಿಮ್ಮ ಊರಲ್ಲಿ ಯಾವ ಯಾವ ಧಾತು ಹೀಗೆ ಮೂಲೆ ಸೇರ್ತಿದೆ? ನೆನಪಾದ್ರೆ ಬರೀರಿ. ನಿಮ್ಮಜ್ಜಿ ಬೇಳೆ, ಹಿಟ್ಟು, ಅಕ್ಕಿಗೆ ಬಳಸ್ತಿದ್ದ ಮಾತುಗಳನ್ನ ಒಮ್ಮೆ ಜ್ಞಾಪಿಸ್ಕೊಳ್ಳಿ. ಕೇರೋದು, ಜರಡಿ ಹಿಡಿಯೋದು, ನಾದೋದು, ಗಾಳಿಸೋದು, ಬಸಿಯೋದು... ಪಟ್ಟಿ ಎಷ್ಟುದ್ದ ಬೆಳೆಯುತ್ತೋ ನೋಡೋಣ.