ನಾಳೆ ಕೇಳೋಣ ಎನ್ನಬೇಡಿ

ನಾನು ಕಾಮರ್ಸ್ ವಿದ್ಯಾರ್ಥಿ. ಫಿಸಿಕ್ಸ್ ಬಗ್ಗೆ ನಿನಗೇನು ಗೊತ್ತು ಎಂದು ಸೈನ್ಸ್ ಸೆಕ್ಷನ್‌ನ ಗೆಳೆಯರು ನಗಬಹುದು. ಆದರೆ ನಾನು ಬರೆಯುತ್ತಿರುವುದು ಸೂತ್ರಗಳ ಬಗ್ಗೆ ಅಲ್ಲ, ಆ ಸೂತ್ರಗಳನ್ನು ಕಂಡುಹಿಡಿದವರ ನೆನಪುಗಳ ಬಗ್ಗೆ.

ಕ್ವಾಂಟಂ ಭೌತಶಾಸ್ತ್ರದ ಆರಂಭದ ದಿನಗಳನ್ನು ಕಂಡ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದರು. 1947ರಲ್ಲಿ ಪ್ಲಾಂಕ್, 1955ರಲ್ಲಿ ಐನ್‌ಸ್ಟೈನ್, 1958ರಲ್ಲಿ ಪೌಲಿ, 1961ರ ಜನವರಿಯಲ್ಲಿ ಶ್ರೋಡಿಂಗರ್ ತೀರಿಕೊಂಡರು. ಅದೇ 1961ರಲ್ಲಿ ಅಮೆರಿಕದಲ್ಲಿ ಒಂದು ಯೋಜನೆ ಶುರುವಾಯಿತು. ಫಿಸಿಕ್ಸ್ ಓದಿ ವಿಜ್ಞಾನದ ಇತಿಹಾಸಕ್ಕೆ ಬಂದ ಥಾಮಸ್ ಕೂನ್ ಅದರ ಮುಖ್ಯಸ್ಥರು. ಹೈಸೆನ್‌ಬರ್ಗ್, ಡಿರಾಕ್, ಬಾರ್ನ್ ಸೇರಿದಂತೆ ಸುಮಾರು 100 ಜನರನ್ನು ಅವರ ತಂಡ ಮಾತನಾಡಿಸಿತು. ಹಳೆಯ ಪತ್ರಗಳನ್ನು ಮೈಕ್ರೋಫಿಲ್ಮ್ ಮಾಡಿತು.

ನೀಲ್ಸ್ ಬೋರ್ ಅವರೊಂದಿಗೆ ಕೋಪನ್‌ಹೇಗನ್‌ನಲ್ಲಿ ಮೊದಲ ಮಾತುಕತೆ ನಡೆದದ್ದು 1962ರ ಅಕ್ಟೋಬರ್ 31ರಂದು. ಐದನೆಯದು ನವೆಂಬರ್ 17ರಂದು. ಮರುದಿನ ಬೋರ್ ತೀರಿಕೊಂಡರು. ತಂಡ ಮೂರು ವಾರ ತಡ ಮಾಡಿದ್ದರೆ ಆ ಐದರಲ್ಲಿ ಒಂದೂ ಇರುತ್ತಿರಲಿಲ್ಲ.

"ಎಲ್ಲ ಪುಸ್ತಕದಲ್ಲಿದೆಯಲ್ಲ, ಮತ್ತೆ ಕೇಳುವುದು ಯಾಕೆ?" ಎಂದು ಗೆಳೆಯನೊಬ್ಬ ಕೇಳಿದ. ಪುಸ್ತಕದಲ್ಲಿ ಇರುವುದು ಸರಿಯಾದ ಉತ್ತರ ಮಾತ್ರ. ಉತ್ತರ ಸಿಗುವ ಮೊದಲು ಎಷ್ಟು ಸಲ ದಾರಿ ತಪ್ಪಿತು, ಯಾರ ಒಂದು ಮಾತಿನಿಂದ ದಾರಿ ಸಿಕ್ಕಿತು ಎಂಬುದು ಮನುಷ್ಯರ ನೆನಪಿನಲ್ಲಿ ಇರುತ್ತದೆ.

ನೆನಪು ಮೋಸ ಮಾಡುವುದಿಲ್ಲವೇ? ಮಾಡುತ್ತದೆ. 1913ರ ವಿಷಯವನ್ನು 49 ವರ್ಷಗಳ ನಂತರ ಕೇಳಿದರೆ ದಿನಾಂಕ, ಕ್ರಮ ಎಲ್ಲ ಹಿಂದುಮುಂದಾಗುತ್ತದೆ. ವೋಚರ್ ಇಲ್ಲದ ಎಂಟ್ರಿಯನ್ನು ನಂಬಬೇಡಿ ಎಂದು ಅಕೌಂಟೆನ್ಸಿ ಕ್ಲಾಸಿನಲ್ಲಿ ನಮಗೆ ಹೇಳಿಕೊಡುತ್ತಾರೆ. ಇಲ್ಲಿ ಪತ್ರಗಳೇ ವೋಚರ್. 1913ರ ಜನವರಿ 31ರಂದು ಬೋರ್ ತಮ್ಮ ಗುರು ರುದರ್‌ಫೋರ್ಡ್‌ಗೆ ಬರೆದ ಪತ್ರದಲ್ಲಿ, ಕಣ್ಣಿಗೆ ಕಾಣುವ ಬೆಳಕಿನ ವರ್ಣರೇಖೆಗಳ ಲೆಕ್ಕಕ್ಕೆ ತಾನು ಕೈಹಾಕಿಲ್ಲ ಎಂದಿದ್ದರು. ಮಾರ್ಚ್ 6ರಂದು ಕಳಿಸಿದ ಪ್ರಬಂಧದಲ್ಲಿ ಹೈಡ್ರೋಜನ್‌ನ ಅದೇ ಲೆಕ್ಕ ಇತ್ತು! ತಿರುವು ಬಂದದ್ದು ಆ ಐದು ವಾರಗಳಲ್ಲಿ ಎಂದು ಪತ್ರ ತೋರಿಸುತ್ತದೆ. ಆಗ ಏನಾಯಿತು ಎಂದು ಹೇಳಬಲ್ಲವರು ಬೋರ್ ಒಬ್ಬರೇ. ಎರಡೂ ಬೇಕು.

ಇದನ್ನು ಓದುವಾಗ ನನಗೆ ನಮ್ಮ ದಾದಾ ನೆನಪಾದರು. ಬರಿಗೈಯಲ್ಲಿ ಊರಿಗೆ ಬಂದು ಸೈಕಲ್ ಅಂಗಡಿ ಇಟ್ಟವರು. ಆ ಕಥೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಬೇಕು ಎಂದುಕೊಂಡಿದ್ದೆ. ಪರೀಕ್ಷೆ ಮುಗಿಯಲಿ, ಆಮೇಲೆ ಕೇಳೋಣ ಎಂದು ಸುಮ್ಮನಾದೆ. ಪರೀಕ್ಷೆ ಮುಗಿಯುವ ಮೊದಲೇ ದಾದಾ ಹೋದರು. ಅವರ ಲೆಕ್ಕದ ಪುಸ್ತಕಗಳು ಮನೆಯಲ್ಲಿವೆ. ವೋಚರ್ ಇದೆ, ಹೇಳುವವರು ಇಲ್ಲ.

ಆದ್ದರಿಂದ ನನ್ನದೊಂದು ಕೋರಿಕೆ. ನಮ್ಮ ಕಾಲೇಜಿನ ಮೊದಲ ವರ್ಷಗಳನ್ನು ಕಂಡ ನಿವೃತ್ತ ಲೆಕ್ಚರರ್‌ಗಳು, ಅಟೆಂಡರ್‌ಗಳು ಇನ್ನೂ ನಮ್ಮ ನಡುವೆ ಇದ್ದಾರೆ. ಈ ವರ್ಷವೇ ಅವರ ಮನೆಗೆ ಹೋಗೋಣ. ಹೋಗುವ ಮೊದಲು ಹಳೆಯ ಹಾಜರಿ ಪುಸ್ತಕ, ಫೋಟೊ ನೋಡಿ ಪ್ರಶ್ನೆ ಬರೆದುಕೊಳ್ಳೋಣ. ಉರ್ದುವಿನಲ್ಲಿ ಹೇಳಿದರೆ ಉರ್ದುವಿನಲ್ಲೇ, ಕನ್ನಡದಲ್ಲಿ ಹೇಳಿದರೆ ಕನ್ನಡದಲ್ಲೇ ಉಳಿಸೋಣ. ಪ್ರಿನ್ಸಿಪಾಲರು ಅನುಮತಿ ಕೊಟ್ಟರೆ ಮೊದಲ ಭಾನುವಾರ ಫೋನ್ ಚಾರ್ಜ್ ಮಾಡಿಕೊಂಡು ಬರಲು ನಾನು ತಯಾರಿದ್ದೇನೆ.