ಸುಗ್ಗಿ ತಪ್ಪಿಸದ ತಾಲೀಮು

ಕೈಯಲ್ಲಿ ನಕ್ಷೆ, ಹೆಬ್ಬೆರಳಿಗೆ ಕಟ್ಟಿದ ದಿಕ್ಸೂಚಿ. ಗುಡ್ಡ, ಹಳ್ಳ, ಪೊದೆಗಳ ನಡುವೆ ಇಟ್ಟ ಕಿತ್ತಳೆ–ಬಿಳಿ ಗುರುತುಗಳನ್ನು ಒಂದಾದ ಮೇಲೊಂದು ಹುಡುಕಿ ಎಲ್ಲರಿಗಿಂತ ಮೊದಲು ಓಟ ಮುಗಿಸಬೇಕು; ದಾರಿಯನ್ನು ಓಡುವವರೇ ಆರಿಸಿಕೊಳ್ಳಬೇಕು. ಓರಿಯೆಂಟಿಯರಿಂಗ್ ಎಂಬ ಈ ಆಟದ ಬೇರು ಸ್ವೀಡನ್ನಿನ ಸೈನ್ಯದಲ್ಲಿದೆ. 1919ರಲ್ಲಿ ಸ್ಟಾಕ್‌ಹೋಮ್ ಬಳಿ ಅರ್ನ್ಸ್ಟ್ ಕಿಲಾಂಡರ್ ನಡೆಸಿದ ಸ್ಪರ್ಧೆಯಿಂದ ಅದು ಜನಸಾಮಾನ್ಯರ ನಡುವೆ ಬೇರೂರಿತು. ನಮ್ಮಲ್ಲಿ ಎನ್‌ಸಿಸಿ ಕೆಡೆಟ್‌ಗಳಿಗೆ ನಕ್ಷೆ ಓದುವುದನ್ನು ಕಲಿಸುತ್ತಾರೆ, ಆದರೆ ಕಾಲೇಜು ಮುಗಿಸಿ ದುಡಿಮೆಗೆ ಬಿದ್ದ ಮೇಲೆ ಆ ವಿದ್ಯೆಗೆ ಕೆಲಸವಿಲ್ಲ. ಬಂಡೆ, ಕುರುಚಲು, ಒಣಹಳ್ಳಗಳ ಚಿತ್ರದುರ್ಗದ ನೆಲ ಮಾತ್ರ ಇದಕ್ಕೆ ಹೇಳಿ ಮಾಡಿಸಿದಂತಿದೆ. ದುಡಿಯುವ ಯುವಕ ಯುವತಿಯರು ಕೆಲಸ ಬಿಡದೆಯೇ ಇಲ್ಲಿ ಇದನ್ನು ಸ್ಪರ್ಧೆಯ ಮಟ್ಟಕ್ಕೆ ಒಯ್ಯಬಲ್ಲರು ಎಂಬುದು ನನ್ನ ವಾದ. ಅದಕ್ಕೆ ತಾಲೀಮಿನ ಲೆಕ್ಕವನ್ನು ಬೆಳೆಯ ಕಾಲ ನೋಡಿ ಹಾಕಬೇಕು.

ಏಕೆಂದರೆ ಇಲ್ಲಿ ಓಟಕ್ಕೆ ಹದವಾದ ಕಾಲವೂ ದುಡಿಮೆ ಬಿಗಿಯಾಗುವ ಕಾಲವೂ ಒಂದೇ. ಮಾರ್ಚ್ ಬಂತೆಂದರೆ ಬೆಳಗಿನಲ್ಲೇ ಬಂಡೆ ಕಾಯತೊಡಗುತ್ತದೆ. ಚಳಿಗಾಲದಲ್ಲಿ ಹುಲ್ಲು ಒಣಗಿ ನೆಲ ಕಣ್ಣಿಗೆ ಬಿಚ್ಚಿಕೊಳ್ಳುತ್ತದೆ, ಗಾಳಿ ತಂಪಾಗಿರುತ್ತದೆ. ಆದರೆ ಹೊಸದುರ್ಗದ ಕಡೆ ರಾಗಿ ಕೊಯ್ದು ಕಣಕ್ಕೆ ತರುವುದೂ ಆಗಲೇ. ಹೊಳಲ್ಕೆರೆ, ಭೀಮಸಮುದ್ರದ ತೋಟಗಳಲ್ಲಿ ಗೊನೆ ಇಳಿಸಿದ ಮೇಲೆ ಹಸಿ ಅಡಿಕೆ ಯಾರಿಗೂ ಕಾಯುವುದಿಲ್ಲ. ಸುಲಿಯಬೇಕು, ಹಂಡೆಯಲ್ಲಿ ಬೇಯಿಸಬೇಕು, ಚೊಗರು ಬಿಟ್ಟುಕೊಂಡ ನೀರಿನಿಂದ ತೆಗೆದು ಅಂಗಳದಲ್ಲಿ ಹರವಬೇಕು. ಸುಲಿಯುವ ಯಂತ್ರ ಬಂದಿದ್ದರೂ ಎಷ್ಟೋ ಮನೆಗಳಲ್ಲಿ ಕೆಲಸ ರಾತ್ರಿಗೆ ಜಾರುತ್ತದೆ. ಶಿಕ್ಷಕರಿಗೆ ಎಸ್ಸೆಸ್ಸೆಲ್ಸಿ ಮಕ್ಕಳ ವಿಶೇಷ ತರಗತಿ, ಕಚೇರಿಯವರಿಗೆ ವರ್ಷಾಂತ್ಯದ ಕಡತ. ಹೀಗಿರುವಾಗ ನಸುಕಿಗೇ ಎದ್ದು ದಿನವೂ ಓಡಿ ಎಂಬ ಉಪದೇಶ ಸುಲಭ; ನಡುರಾತ್ರಿಯವರೆಗೆ ಅಡಿಕೆ ಸುಲಿದವಳಿಗೆ ಅದು ನಿದ್ದೆಗೆಡುವ ದಾರಿ. ನಿದ್ದೆಗೆಟ್ಟ ದೇಹಕ್ಕೆ ತಾಲೀಮು ಹತ್ತುವುದಿಲ್ಲ.

ದಿನವೂ ಓಡಲೇಬೇಕು ಎಂಬ ನಂಬಿಕೆಯನ್ನೇ ಪರೀಕ್ಷಿಸಿದ ಪ್ರಯೋಗವೊಂದಿದೆ. 1981ರಲ್ಲಿ ಪ್ರಕಟವಾದ, ಅಮೆರಿಕದ ರಾಬರ್ಟ್ ಹಿಕ್ಸನ್ ಮತ್ತು ಸಹೋದ್ಯೋಗಿಯ ಅಧ್ಯಯನದಲ್ಲಿ 10 ವಾರ, ವಾರಕ್ಕೆ 6 ದಿನ ಕಠಿಣ ತಾಲೀಮು ಮಾಡಿದವರ ಪೈಕಿ ಕೆಲವರು ಮುಂದಿನ 15 ವಾರ 2 ದಿನಕ್ಕೆ ಇಳಿದರು. ದೇಹ ಆಮ್ಲಜನಕ ಬಳಸುವ ಶಕ್ತಿಯಲ್ಲಿ ಅವರು ಗಳಿಸಿದ್ದು ಬಹುಪಾಲು ಹಾಗೇ ಉಳಿಯಿತು. ದಿನ ಕಡಿಮೆಯಾದರೂ ಆ ದಿನಗಳ ಬಿರುಸು ಮಾತ್ರ ಮೊದಲಿನಷ್ಟೇ ಇತ್ತು. ಇದನ್ನು ನಮ್ಮ ಕಾಲಕ್ಕೆ ಹೊಂದಿಸಿದರೆ ದಾರಿ ಕಾಣುತ್ತದೆ. ಶ್ರಾವಣದಿಂದ ದಸರೆಯವರೆಗೆ ದಮ್ಮು ಬೆಳೆಸಿಕೊಳ್ಳುವುದು. ನವೆಂಬರ್, ಡಿಸೆಂಬರ್‌ನಲ್ಲಿ ವಾರಕ್ಕೆ ಎರಡೇ ಬಿರುಸಿನ ಓಟ. ಜನವರಿ, ಫೆಬ್ರುವರಿಯಲ್ಲಿ ಕಲ್ಲುಗುಡ್ಡದ ಮೇಲೆ ನಿಜವಾದ ಪಳಗುವಿಕೆ. ಹಿರಿಯೂರಿನ ಎರೆ ಹೊಲದಲ್ಲಿ ಕಡಲೆ ಕೀಳುವವರು ಇದನ್ನು ಒಂದಿಷ್ಟು ಹಿಂದೆಮುಂದೆ ಮಾಡಿಕೊಳ್ಳಬೇಕಾದೀತು. ಸಾಲದ್ದಕ್ಕೆ ಈ ಆಟದ ದೊಡ್ಡ ಪಾಲು ತಲೆಯಲ್ಲಿ ನಡೆಯುತ್ತದೆ. ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆ ನೋಡಿ ಏರು ಎಲ್ಲಿ ಕಡಿದು, ಯಾವ ಕಡೆಯಿಂದ ಬಳಸಿದರೆ ಲಾಭ ಎಂದು ಗುರುತಿಸುವ ಅಭ್ಯಾಸಕ್ಕೆ ಮನೆಯ ದೀಪ ಸಾಕು. ಮನೆಯ ಹೊಣೆಯೂ ಇದಕ್ಕೆ ಅಡ್ಡಿಯಾಗಬೇಕಿಲ್ಲ: ಜೀವಶಾಸ್ತ್ರ ಓದಿದ, ಮೂರು ಮಕ್ಕಳ ತಾಯಿಯಾದ ಸ್ವಿಟ್ಜರ್ಲೆಂಡಿನ ಸಿಮೋನ್ ನಿಗ್ಲಿ 23 ವಿಶ್ವ ಚಿನ್ನ ಗೆದ್ದದ್ದೂ ಇದೇ ಆಟದಲ್ಲಿ.

ಬರ, ಕುಡಿಯುವ ನೀರಿನ ಚಿಂತೆ ಇರುವ ಜಿಲ್ಲೆಗೆ ಈ ಹೊಸ ಆಟವೇಕೆ ಎಂದು ಕೇಳುವವರಿದ್ದಾರೆ. ಇದಕ್ಕೆ ಕ್ರೀಡಾಂಗಣ ಕಟ್ಟಬೇಕಿಲ್ಲ, ನೀರು ಹಾಯಿಸಬೇಕಿಲ್ಲ. ಖರ್ಚಿನ ದೃಷ್ಟಿಯಿಂದ ಇದಕ್ಕಿಂತ ಹಗುರಾದ ಆಟ ಸಿಗುವುದು ಕಷ್ಟ. ಕೆಲಸ ಕೊಟ್ಟವರಿಗೆ ನಷ್ಟ ಎಂಬುದು ಇನ್ನೊಂದು ಮಾತು. ಆದರೆ ಕೇಂದ್ರ ಸರ್ಕಾರಿ ನೌಕರರಿಗೆ ರಾಷ್ಟ್ರೀಯ, ಅಂತರರಾಷ್ಟ್ರೀಯ ಕ್ರೀಡೆಗಾಗಿ ವರ್ಷಕ್ಕೆ 30 ದಿನಗಳವರೆಗೆ ವಿಶೇಷ ಸಾಂದರ್ಭಿಕ ರಜೆ ಉಂಟು. ಆ ಮಟ್ಟಕ್ಕೆ ಏರುವ ಮೊದಲಿನ ವರ್ಷಗಳಲ್ಲಿ ಬೇಕಾದದ್ದು ತೀರಾ ಚಿಕ್ಕದು: ವಾರದಲ್ಲಿ ಎರಡು ದಿನ ಒಂದು ಗಂಟೆ ತಡವಾಗಿ ಬಂದು ಸಂಜೆ ಅಷ್ಟೇ ಹೊತ್ತು ಹೆಚ್ಚು ಕೂರುವ ಅವಕಾಶ. ಆಯ್ಕೆ ಸ್ಪರ್ಧೆಗಳನ್ನು ಕೊಯ್ಲಿನ ವಾರಗಳಲ್ಲಿ ಇಡದಿದ್ದರೆ ಹಳ್ಳಿಯ ಅರ್ಧ ಪ್ರತಿಭೆ ಉಳಿಯುತ್ತದೆ.

ಕಾಡಿನ ಆಕ್ಷೇಪ ಇವೆರಡಕ್ಕಿಂತ ಗಟ್ಟಿಯಾದದ್ದು, ಅದನ್ನು ನಾನು ಒಪ್ಪುತ್ತೇನೆ. ಇಲ್ಲಿನ ಜೋಗಿಮಟ್ಟಿ ವನ್ಯಧಾಮ ಕರಡಿ, ಚಿರತೆಗಳ ಮನೆ. ಉತ್ತರ ಯುರೋಪಿನವರು ಚಳಿಗಾಲದ ಕತ್ತಲಲ್ಲಿ ಹಣೆದೀಪ ಕಟ್ಟಿ ಓಡುತ್ತಾರೆಂದು ನಾವೂ ಇಲ್ಲಿ ಇರುಳಲ್ಲಿ ಓಡಿದರೆ ಪ್ರಾಣಕ್ಕೇ ಅಪಾಯ. ಚಿತ್ರದುರ್ಗದ ಕೋಟೆಯೂ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಎರಡನ್ನೂ ಬಿಟ್ಟು ಕಾಲೇಜು ಆವರಣ, ಊರಿನ ಓಣಿ, ಗೋಮಾಳದ ಬೋಳುಗುಡ್ಡಗಳಿಂದ, ಅದೂ ಹಗಲಿನಲ್ಲಿ, ಶುರು ಮಾಡಬೇಕು. ಕೊರತೆ ಇರುವುದು ನಕ್ಷೆಯದು. ಸರ್ವೆ ಆಫ್ ಇಂಡಿಯಾದ 1:50,000 ಹಾಳೆಯಲ್ಲಿ ಒಂದು ಇಡೀ ಗುಡ್ಡ ಹೆಬ್ಬೆರಳಿನಡಿ ಮುಚ್ಚಿಹೋಗುತ್ತದೆ. ಈ ಆಟಕ್ಕೆ ಒಂಟಿ ಬಂಡೆಯೂ ಕಾಣುವ 1:10,000ದ ನಕ್ಷೆ ಬೇಕು. 2021ರ ಫೆಬ್ರುವರಿಯ ಮಾರ್ಗಸೂಚಿಗಳ ನಂತರ ಭಾರತೀಯರು ನಕ್ಷೆ ತಯಾರಿಸಲು ಮೊದಲಿನಂತೆ ಪೂರ್ವಾನುಮತಿಗೆ ಅಲೆಯಬೇಕಿಲ್ಲ. ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿದ್ಯಾರ್ಥಿಗಳು ತಾಲ್ಲೂಕಿಗೊಂದು ಗುಡ್ಡವನ್ನು ಸರ್ವೆಯ ಪಾಠವಾಗಿ ಕೈಗೆತ್ತಿಕೊಂಡರೆ, ಸುಗ್ಗಿಯ ಗಡಿಬಿಡಿ ಇಳಿದ ಜನವರಿಯ ಒಂದು ಭಾನುವಾರ ಮೊದಲ ಓಟ ಇಟ್ಟುಕೊಳ್ಳಬಹುದು.