ಆಫೀಸ್ ರೂಮಿನ ಬೀರು



ನಮ್ಮ ಹಾಸ್ಟೆಲಿಗೆ ಈ ವರ್ಷ ಎಂಟನೇ ಕ್ಲಾಸಿಗೆ ಒಬ್ಬ ಹುಡುಗ ಬಂದ. ಅವನ ಊರಿನ ಶಾಲೆಯಲ್ಲಿ ಇರುವುದು ಏಳರವರೆಗೆ ಮಾತ್ರ. ಟ್ರಂಕು, ತಟ್ಟೆ, ಲೋಟ, ಕಂಬಳಿ ಎಲ್ಲಾ ತಂದಿದ್ದ. ಟಿ.ಸಿ. ಮಾತ್ರ ತಂದಿರಲಿಲ್ಲ. ಯಾಕೋ ಅಂದರೆ, "ಅಪ್ಪ ಮೂರು ಸಲ ಹೋಗಿದ್ರು ಕಣಣ್ಣ. ಒಂದು ದಿನ ಹೆಡ್‌ಮಾಸ್ಟರು ಮೀಟಿಂಗಿಗೆ ಹೋಗಿದ್ರಂತೆ. ಇನ್ನೊಂದು ದಿನ ಬೀರು ಕೀಲಿಕೈ ಇರ್ಲಿಲ್ವಂತೆ. ಮೂರನೇ ಸಲ ಹೋದಾಗ ಬಿಲ್ಡಿಂಗ್ ಫಂಡು ಐನೂರು ಕಟ್ಟಿ ತಗೊಂಡೋಗು ಅಂದ್ರಂತೆ" ಅಂದ. ಮೂರು ಸಲ ಅಂದರೆ ಅವರಪ್ಪನಿಗೆ ಮೂರು ದಿನದ ಕೂಲಿ ಹೋದಂತೆ. ಇಲ್ಲಿ ಪಟ್ಟಣದ ಹೈಸ್ಕೂಲಿನವರೋ, "ಟಿ.ಸಿ. ಇಲ್ಲದೆ ಸೇರಿಸಿಕೊಳ್ಳೋಕಾಗಲ್ಲ, ನಮಗೂ ಆಡಿಟ್ ಇರುತ್ತೆ" ಅಂದುಬಿಟ್ಟರು.

ಆಡಿಟ್ ಅನ್ನುವ ಮಾತು ಕೇಳಿದರೆ ನಮ್ಮ ಅಪ್ಪ ಅವ್ವಂದಿರು ಪೊಲೀಸಿಗೆ ಹೆದರಿದಷ್ಟೇ ಹೆದರುತ್ತಾರೆ. ಓದಿದ ನಾವೂ ಕಮ್ಮಿಯೇನಿಲ್ಲ. ಆಫೀಸ್ ರೂಮಿನ ಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತೇವೆ. ಒಳಗೆ ಏನಿದೆ? ಒಂದು ಮೇಜು, ಒಂದು ಕಬ್ಬಿಣದ ಬೀರು, ಅದರೊಳಗೆ ಹತ್ತು ಹದಿನೈದು ರಿಜಿಸ್ಟರು: ಅಡ್ಮಿಷನ್ ರಿಜಿಸ್ಟರು, ಹಾಜರಿ, ಕ್ಯಾಶ್ ಬುಕ್ಕು, ದಾಸ್ತಾನು ಪುಸ್ತಕ, ನಡಾವಳಿ ಪುಸ್ತಕ. ಕಾನೂನು ಅಂದರೆ ಕೋರ್ಟು, ಕಪ್ಪು ಕೋಟು ಅಂದುಕೊಂಡು ಬೆಳೆದವರು ನಾವು. ನಮ್ಮ ಮಕ್ಕಳ ಬದುಕಿಗೆ ದಿನಾ ತಗಲುವ ಕಾನೂನು ಕೋರ್ಟಿಗಿಂತ ಹೆಚ್ಚಾಗಿ ಆ ಬೀರುವಿನಲ್ಲಿದೆ. ಅದನ್ನು ಪಾಲಿಸಬೇಕಾದವರೇ ಅದನ್ನು ತೋರಿಸಿ ನಮ್ಮನ್ನು ಹೆದರಿಸುತ್ತಿದ್ದಾರೆ.

ಟಿ.ಸಿ. ವಿಷಯವನ್ನೇ ತಗೊಳ್ಳಿ. 2009ರ ಶಿಕ್ಷಣ ಹಕ್ಕು ಕಾಯಿದೆ, ಅಂದರೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕಾಯಿದೆ, ಅದರ 5ನೇ ಸೆಕ್ಷನ್ ಏನು ಹೇಳುತ್ತದೆ? ಎಂಟನೇ ಕ್ಲಾಸು ಮುಗಿಸುವ ಸೌಕರ್ಯ ಇಲ್ಲದ ಶಾಲೆಯ ಮಗುವಿಗೆ ಬೇರೆ ಶಾಲೆಗೆ ಹೋಗುವ ಹಕ್ಕಿದೆ. ಹೆಡ್‌ಮಾಸ್ಟರು ಟಿ.ಸಿ.ಯನ್ನು ಕೂಡಲೇ ಕೊಡಬೇಕು. ಟಿ.ಸಿ. ತಡವಾಯಿತು ಎಂದು ಹೊಸ ಶಾಲೆಯವರು ಸೇರಿಸಿಕೊಳ್ಳುವುದನ್ನು ತಡಮಾಡುವಂತಿಲ್ಲ, ನಿರಾಕರಿಸುವಂತಿಲ್ಲ. ತಡಮಾಡಿದ ಹೆಡ್‌ಮಾಸ್ಟರ ಮೇಲೆ ಸೇವಾ ನಿಯಮದಂತೆ ಶಿಸ್ತು ಕ್ರಮ. 14ನೇ ಸೆಕ್ಷನ್ ಇನ್ನೂ ಮುಂದೆ ಹೋಗಿ, ವಯಸ್ಸಿನ ದಾಖಲೆ ಇಲ್ಲ ಎಂದೂ ಹಿಂದಕ್ಕೆ ಕಳಿಸಬೇಡಿ ಅನ್ನುತ್ತದೆ. ಅಲ್ಲಿಗೆ ಆ ಊರಿನ ಹೆಡ್‌ಮಾಸ್ಟರೂ ತಪ್ಪು, ಈ ಪಟ್ಟಣದ ಹೈಸ್ಕೂಲೂ ತಪ್ಪು. ಆಡಿಟ್‌ಗೆ ಹೆದರುವುದಾದರೆ ಹುಡುಗನನ್ನು ಸೇರಿಸಿಕೊಂಡಿದ್ದಕ್ಕಲ್ಲ, ಹೊರಗೆ ನಿಲ್ಲಿಸಿದ್ದಕ್ಕೆ ಹೆದರಬೇಕಿತ್ತು. ಇನ್ನು ಬಿಲ್ಡಿಂಗ್ ಫಂಡು! ಸರ್ಕಾರಿ ಶಾಲೆಯಲ್ಲಿ, ಏಳನೇ ಕ್ಲಾಸಿನ ಕೂಲಿಯವನ ಮಗನಿಗೆ! ರಸೀದಿ ಕೊಡಿ ಸಾರ್ ಅಂದರೆ ರಸೀದಿ ಪುಸ್ತಕ ಮುಗಿದಿರುತ್ತದೆ.

ಇದು ಇವತ್ತಿನ ಕಾಯಿಲೆಯಲ್ಲ. 1856ರ ಜೂನ್‌ನಲ್ಲಿ ನಮ್ಮ ಧಾರವಾಡದಲ್ಲೇ ಒಬ್ಬ ಮಹಾರ ಹುಡುಗ, ಸರ್ಕಾರಿ ಶಾಲೆಗೆ ನನ್ನನ್ನು ಸೇರಿಸಿಕೊಳ್ಳುತ್ತಿಲ್ಲ ಎಂದು ಬೊಂಬಾಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ಯೋಚನೆ ಮಾಡಿ, 1856ರಲ್ಲಿ! ಸರ್ಕಾರ ಏನು ತೀರ್ಮಾನ ಮಾಡಿತು ಗೊತ್ತೇ? ನ್ಯಾಯವೇನೋ ಹುಡುಗನ ಕಡೆಗಿದೆ, ಆದರೆ ಇವನೊಬ್ಬನನ್ನು ಸೇರಿಸಿದರೆ ಮಿಕ್ಕವರೆಲ್ಲಾ ಬಿಟ್ಟುಹೋಗುತ್ತಾರೆ, ಶಾಲೆಯೇ ಪ್ರಯೋಜನಕ್ಕಿಲ್ಲದಂತಾಗುತ್ತದೆ ಎಂದು ಕೈತೊಳೆದುಕೊಂಡಿತು. ನಂತರ ಇದು ಕಲ್ಕತ್ತೆಗೆ ಹೋಗಿ, ಲಂಡನ್ನಿಗೂ ಹೋಗಿ, 1858ರಲ್ಲಿ ಕಂಪನಿಯ ಡೈರೆಕ್ಟರುಗಳು ಸರ್ಕಾರಿ ಶಾಲೆಗಳು ಎಲ್ಲಾ ವರ್ಗದವರಿಗೂ ತೆರೆದಿರತಕ್ಕದ್ದು ಅಂದರು. ಬಾಬಾಸಾಹೇಬರು 1928ರಲ್ಲಿ ಸೈಮನ್ ಕಮಿಷನ್ನಿಗೆ ಕೊಟ್ಟ ಹೇಳಿಕೆಯಲ್ಲಿ ಈ ಧಾರವಾಡದ ಹುಡುಗನ ಕತೆಯನ್ನು ಮುಂದಿಟ್ಟರು. ಅವರಿಗೆ ಗೊತ್ತಿತ್ತು, ಆದೇಶ ಬೇರೆ, ಬಾಗಿಲು ತೆರೆಯುವುದು ಬೇರೆ. ಲಂಡನ್ನಿನ ಆದೇಶ ಬಂದು ನಲವತ್ತು ವರ್ಷದ ಹತ್ತಿರ ಆದ ಮೇಲೂ ಅವರು ಶಾಲೆಯಲ್ಲಿ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಕೂತವರು. ನೀರು ಬೇಕಾದರೆ ಜವಾನ ಬಂದು ನಲ್ಲಿ ತಿರುಗಿಸಬೇಕು. ಜವಾನ ಇಲ್ಲದ ದಿನ ನೀರಿಲ್ಲ. ಅವತ್ತು ನಲ್ಲಿ ಜವಾನನ ಕೈಯಲ್ಲಿತ್ತು, ಇವತ್ತು ಬೀರುವಿನ ಕೀಲಿಕೈ ಯಾರ ಕೈಯಲ್ಲಿದೆಯೋ ಅವರ ಕೈಯಲ್ಲಿದೆ.

ಆ ಬೀರುವಿನ ಮೊದಲ ಪುಸ್ತಕ ಅಡ್ಮಿಷನ್ ರಿಜಿಸ್ಟರು. ನಮ್ಮ ಕೇರಿಯಲ್ಲಿ ಅರ್ಧಕ್ಕರ್ಧ ಜನ ಜೂನ್ 1ನೇ ತಾರೀಖು ಹುಟ್ಟಿದವರು! ಅವತ್ತು ಮೇಷ್ಟರಿಗೆ ಕೇಳುವ ತಾಳ್ಮೆ ಇರಲಿಲ್ಲ, ಬರೆದುಬಿಟ್ಟರು. ನಗುವ ವಿಷಯವಲ್ಲ ಇದು. ಅಲ್ಲಿ ಬಿದ್ದ ಅಕ್ಷರವೇ ಆಮೇಲೆ ಸ್ಯಾಟ್ಸ್‌ಗೆ ಹೋಗುತ್ತೆ, ಅಲ್ಲಿಂದ ಸ್ಕಾಲರ್‌ಶಿಪ್ ಪೋರ್ಟಲಿಗೆ ಹೋಗುತ್ತೆ. ಆಧಾರ್ ಕಾರ್ಡಿನಲ್ಲಿ ಮಾರಯ್ಯ, ರಿಜಿಸ್ಟರಿನಲ್ಲಿ ಮಾರ ಅಂತಿದ್ದರೆ ದುಡ್ಡು ನಿಂತಿತು. ಜಾತಿ ಕಾಲಮ್ಮಿನ ಕತೆಯೂ ಅಷ್ಟೇ. 2025ರಲ್ಲಿ ಒಳಮೀಸಲಾತಿಗಾಗಿ ನಾಗಮೋಹನ ದಾಸ್ ಆಯೋಗ ಮನೆಮನೆ ಸಮೀಕ್ಷೆ ಮಾಡಿದಾಗ ಎಷ್ಟು ಜನ ತಡಕಾಡಿದರು, ನೆನಪಿದೆಯಲ್ಲ? ಶಾಲೆಯ ದಾಖಲೆಯಲ್ಲಿ ಬರೀ ಆದಿ ಕರ್ನಾಟಕ, ಆದಿ ದ್ರಾವಿಡ ಅಂತ ಬರೆಸಿಕೊಂಡು ಬಂದವರಿಗೆ ಮೂಲಜಾತಿ ಯಾವುದು ಅಂದರೆ ಹೇಳಲು ಆಗಲಿಲ್ಲ. ಗುಮಾಸ್ತರ ಒಂದು ಗೀಟು ಎರಡು ತಲೆಮಾರು ದಾಟಿ ಬಂದು ನಿಂತಿತ್ತು.

ಎರಡನೆಯದು ಕ್ಯಾಶ್ ಬುಕ್ಕು. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದರೆ ನಮ್ಮ ತಮ್ಮ ತಂಗಿಯರ ಕೈಗೆ ಕಕ್ಕಸಿನ ಬ್ರಷ್ಷು ಬರುವುದು ಇದೇ ಪುಸ್ತಕದ ಮೂಲಕ.

ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರ್ಕಾರಿ ಶಾಲೆಗೆ ಮಕ್ಕಳ ಸಂಖ್ಯೆ ನೋಡಿ ವರ್ಷಕ್ಕೊಂದು ಅನುದಾನ ನಿಗದಿಯಾಗಿದೆ. 101ರಿಂದ 250 ಮಕ್ಕಳಿರುವ ಶಾಲೆಗೆ 50 ಸಾವಿರ ರೂಪಾಯಿ. ಅದರಲ್ಲಿ ಕಡೇ ಪಕ್ಷ ಶೇಕಡಾ 10ರಷ್ಟನ್ನು ಸ್ವಚ್ಛತೆಗೆ ಖರ್ಚು ಮಾಡಬೇಕು ಎಂದು ನಿಯಮ. ಲೆಕ್ಕ ಹಾಕಿ: 5 ಸಾವಿರ. ತಿಂಗಳಿಗೆ ನಾನೂರು ಚಿಲ್ಲರೆ. ಸೀಮೆಸುಣ್ಣ, ರಿಪೇರಿ, ಕರೆಂಟು ಬಿಲ್ಲು ಎಲ್ಲಾ ಮಿಕ್ಕ ದುಡ್ಡಿನಲ್ಲೇ ಆಗಬೇಕು. "ನಾನೂರು ರೂಪಾಯಿಗೆ ಯಾರಪ್ಪ ಬಂದು ತಿಂಗಳಿಡೀ ಕಕ್ಕಸು ತೊಳೀತಾರೆ?" ಎಂದು ಹೆಡ್‌ಮಾಸ್ಟರು ಕೇಳುವುದರಲ್ಲಿ ನ್ಯಾಯವಿದೆ. ನಾವು ಅದನ್ನು ಒಪ್ಪುತ್ತೇವೆ. ಅದನ್ನು ಅವರು ಬಿ.ಇ.ಒ.ಗೆ ಬರೆಯಲಿ, ಪಂಚಾಯ್ತಿಗೆ ಬರೆಯಲಿ, ನಮ್ಮನ್ನೂ ಕರೆಯಲಿ, ನಾವೂ ಬಂದು ಕೂರುತ್ತೇವೆ. ಆದರೆ ಆ ಕೊರತೆಯನ್ನು ತುಂಬುವುದಕ್ಕೆ ಅವರು ಕ್ಲಾಸಿನೊಳಗೆ ಕಣ್ಣಾಡಿಸುತ್ತಾರಲ್ಲ, ಆ ಕಣ್ಣು ಯಾವ ಬೆಂಚಿನ ಹತ್ತಿರ ನಿಲ್ಲುತ್ತದೆ? ಗೌಡರ ಮಗನ ಹತ್ತಿರ ಯಾಕೆ ನಿಲ್ಲುವುದಿಲ್ಲ? "ಎಲ್ಲಾ ಮಕ್ಕಳಿಗೂ ಸರದಿ ಹಾಕಿದ್ದೀವಿ" ಅನ್ನುತ್ತಾರೆ. ಆ ಸರದಿ ಪಟ್ಟಿ ತೋರಿಸಿ ಅಂದರೆ ಬೀರುವಿನ ಕೀಲಿಕೈ ಮತ್ತೆ ಕಳೆದುಹೋಗುತ್ತದೆ.

2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು ಇಡೀ ರಾಜ್ಯ ನೋಡಿತು. ವಿಡಿಯೋ ಹೊರಗೆ ಬಂದಿದ್ದರಿಂದ ನೋಡಿತು. ಪ್ರಾಂಶುಪಾಲರೂ ಒಬ್ಬ ಶಿಕ್ಷಕರೂ ಬಂಧನವಾದರು. ಹತ್ತು ವರ್ಷ ಮುಂಚೆಯೇ, 2013ರಲ್ಲಿ, ಮಲ ಹೊರುವ ಪದ್ಧತಿ ನಿಷೇಧ ಕಾಯಿದೆ ಬಂದಿತ್ತು. ಸುರಕ್ಷತೆಯ ಸಲಕರಣೆ ಇಲ್ಲದೆ ಯಾರನ್ನೂ, ದೊಡ್ಡವರನ್ನೂ, ಸೆಪ್ಟಿಕ್ ಗುಂಡಿಗೆ ಇಳಿಸುವಂತಿಲ್ಲ. ಇಳಿಸಿದರೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಶಾಲೆ ನಡೆಸುವವರಿಗೆ ಈ ಕಾಯಿದೆ ಗೊತ್ತಿರಲಿಲ್ಲ ಅಂದರೆ ನಂಬುವುದು ಕಷ್ಟ. ಗೊತ್ತಿದ್ದೂ, ಕೇಳುವವರು ಯಾರು ಅಂತ ಗೊತ್ತಿತ್ತು.

ಕೇಳಬೇಕಾದವರು ಯಾರು ಅನ್ನುವುದನ್ನೂ ಕಾನೂನೇ ಬರೆದಿದೆ. ನಮ್ಮಲ್ಲಿ ಎಸ್.ಡಿ.ಎಂ.ಸಿ. ಅನ್ನುತ್ತೇವೆ. ಶಿಕ್ಷಣ ಹಕ್ಕು ಕಾಯಿದೆಯ 21ನೇ ಸೆಕ್ಷನ್ ಪ್ರಕಾರ ಆ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೇ ಇರಬೇಕು, ಅರ್ಧ ಹೆಂಗಸರಿರಬೇಕು, ನಮ್ಮಂಥವರ ಮಕ್ಕಳಿರುವ ಪ್ರಮಾಣಕ್ಕೆ ತಕ್ಕಂತೆ ನಮ್ಮ ಅಪ್ಪ ಅವ್ವಂದಿರಿರಬೇಕು. ಅನುದಾನ ಹೇಗೆ ಖರ್ಚಾಯಿತು ಎಂದು ನೋಡುವುದು ಅವರ ಕೆಲಸ. ಇದೆಲ್ಲಾ ಕಾಗದದ ಮೇಲೆ ಸರಿಯಾಗಿಯೇ ಇರುತ್ತದೆ! ನಡಾವಳಿ ಪುಸ್ತಕ ತೆಗೆದು ನೋಡಿ, ನಮ್ಮ ಅವ್ವಂದಿರ ಹೆಬ್ಬೆಟ್ಟು ಸಾಲಾಗಿ ಬಿದ್ದಿದೆ. ಸಭೆ ನಡೆದದ್ದು ಮಾತ್ರ ಅವರಿಗೆ ಗೊತ್ತಿಲ್ಲ. "ಮೇಷ್ಟರು ಮನೆತಾವ ಕಳ್ಸಿದ್ರು, ಒತ್ತು ಅಂದ್ರು, ಒತ್ದೆ ಕಣಪ್ಪ." ಇಷ್ಟೇ. ಬಿಸಿಯೂಟದ ಅಡುಗೆಯವರ ನೇಮಕಕ್ಕೆ ದಲಿತರಿಗೆ ಆದ್ಯತೆ ಕೊಡಿ ಎಂದು ಸುಪ್ರೀಂ ಕೋರ್ಟು 2004ರ ಏಪ್ರಿಲ್‌ನಲ್ಲೇ ಹೇಳಿತು. ಅದೂ ಇದೇ ಹೆಬ್ಬೆಟ್ಟಿನ ಅಡಿಯಲ್ಲಿ ಮುಚ್ಚಿಹೋಗಿರುವ ಊರುಗಳಿವೆ.

ಈಗ ನಮ್ಮ ಮಾತಿಗೆ ಬರೋಣ. ನಾವು ಹಾಸ್ಟೆಲು ಹುಡುಗರು ಹೋರಾಟಕ್ಕೆ ಹೊಸಬರಲ್ಲ. 1973ರಲ್ಲಿ ಬಸವಲಿಂಗಪ್ಪನವರ ಮಾತಿಗೆ ಬೂಸಾ ಗಲಾಟೆ ಎದ್ದಾಗ ಏಟು ತಿಂದವರೂ ಬೀದಿಗಿಳಿದವರೂ ಹಾಸ್ಟೆಲು ಹುಡುಗರೇ. ಘೋಷಣೆ ಕೂಗಲು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಬಿ.ಕಾಂ. ಓದುವ ನಮ್ಮ ಹುಡುಗರು ನೂರಾರು ಜನ ಇದ್ದಾರೆ, ತಮ್ಮ ಊರಿನ ಶಾಲೆಯ ಕ್ಯಾಶ್ ಬುಕ್ಕನ್ನು ಒಂದು ದಿನ ಕೂತು ನೋಡಿದವರು ಎಷ್ಟು ಮಂದಿ? ನಾವೂ ನೋಡಿರಲಿಲ್ಲ, ಈ ಹುಡುಗನ ಟಿ.ಸಿ. ಗಲಾಟೆ ಆಗುವವರೆಗೆ. ಇನ್ನೊಂದು ಕಹಿ ಮಾತು. ಮೀಸಲಾತಿಯಲ್ಲಿ ಎಸ್.ಡಿ.ಎ., ಎಫ್.ಡಿ.ಎ. ಆಗಿ ಅದೇ ಕುರ್ಚಿಯಲ್ಲಿ ಕೂತ ನಮ್ಮ ಅಣ್ಣಂದಿರೇ ಕೆಲವರು "ನಾಳೆ ಬಾರೋ" ಅನ್ನುತ್ತಾರೆ. ಅವರ ಮೇಲೂ ಮೇಲಿನವರ ಒತ್ತಡ ಇರುತ್ತದೆ, ಗೊತ್ತು. ಆದರೂ ಅವರಿಂದ ಕೇಳಿದಾಗ ಹೆಚ್ಚು ನೋವಾಗುತ್ತದೆ.

ಮಾಹಿತಿ ಹಕ್ಕು ಕಾಯಿದೆ 2005ರಿಂದ ಇದೆ. ಹತ್ತು ರೂಪಾಯಿ ಶುಲ್ಕ. ಬಡತನ ರೇಖೆಗಿಂತ ಕೆಳಗಿದ್ದರೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ಸಕಾರಣ ಇಲ್ಲದೆ ತಡಮಾಡಿದರೆ ಅಧಿಕಾರಿಗೆ ದಿನಕ್ಕೆ 250ರಂತೆ 25 ಸಾವಿರದವರೆಗೆ ದಂಡ ಹಾಕಬಹುದು. ನಕಲು ಕೇಳಬಹುದು, ಕೂತು ಕಡತ ನೋಡುವುದಕ್ಕೂ ಕೇಳಬಹುದು. ಒಂದು ಎಚ್ಚರ: ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು ಎಂದಿದೆ. ಆವೇಶದಲ್ಲಿ ನಾಲ್ಕು ಪುಟ ಬರೆದು ಕಳಿಸಬೇಡಿ, ಅದನ್ನೇ ನೆಪ ಮಾಡಿ ವಾಪಸ್ ಹಾಕುತ್ತಾರೆ. ಕ್ಯಾಶ್ ಬುಕ್ಕಿಗೆ ಒಂದು, ನಡಾವಳಿಗೆ ಒಂದು. ಬಾಯಲ್ಲಿ ಕೇಳಿದ್ದಕ್ಕೆ ಬಾಯಲ್ಲೇ ಉತ್ತರ ಸಿಗುತ್ತೆ. ಬರೆದು ಕೊಡಿ, ಇನ್ನೊಂದು ಪ್ರತಿಯ ಮೇಲೆ ತಾರೀಖು ಹಾಕಿಸಿ ಸೀಲು ಒತ್ತಿಸಿಕೊಳ್ಳಿ. ಆಗಲ್ಲ ಅಂದರೆ, ಯಾಕೆ ಆಗಲ್ಲ ಅಂತ ಹಿಂಬರಹ ಕೊಡಿ ಸಾರ್ ಅನ್ನಿ. ಹಿಂಬರಹ ಅನ್ನುವ ಮಾತು ಕೇಳಿದ ಕೂಡಲೇ ಎಷ್ಟೋ ಬೀರುಗಳ ಕೀಲಿಕೈ ಸಿಕ್ಕಿದ್ದನ್ನು ನಾವು ಕಣ್ಣಾರೆ ನೋಡಿದ್ದೇವೆ.

ಆ ಹುಡುಗನ ವಿಷಯ. ನಾವು ಐದು ಜನ ಹೈಸ್ಕೂಲಿಗೆ ಹೋಗಿ 5ನೇ ಸೆಕ್ಷನ್ನನ್ನು ಬಿಳಿ ಹಾಳೆಯಲ್ಲಿ ಬರೆದು ಅರ್ಜಿ ಕೊಟ್ಟೆವು. ಕೂಗಾಡಲಿಲ್ಲ. ಮಾರನೇ ದಿನವೇ ಅವನನ್ನು ಕ್ಲಾಸಿನಲ್ಲಿ ಕೂರಿಸಿದರು. ಊರಿನ ಶಾಲೆಗೂ ಒಂದು ಪ್ರತಿ ಹೋಯಿತು. ಒಂಬತ್ತನೇ ದಿನ ಟಿ.ಸಿ. ಬಂತು, ಐನೂರು ರೂಪಾಯಿ ಮಾತೇ ಇಲ್ಲ. ಬಿಚ್ಚಿ ನೋಡಿದರೆ ಅವರಪ್ಪನ ಹೆಸರಿನ ಕಡೆಯ ಅಯ್ಯ ಬಿಟ್ಟುಹೋಗಿದೆ. ತಿದ್ದುಪಡಿಗೆ ಅರ್ಜಿ ಹಾಕಿದ್ದೇವೆ, ಸೀಲು ಬಿದ್ದ ಪ್ರತಿ ಹುಡುಗನ ಟ್ರಂಕಿನಲ್ಲಿದೆ.